ಕಡಲ ಹುಳುವಿಗೆ ಅದರದೇ ಹೆಸರು ಬೇಕು

ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ನೀರು ಹಿಂದೆ ಸರಿದು ಕೆಸರುಬಯಲು ತೆರೆದುಕೊಳ್ಳುತ್ತದೆ. ಬಳಚು ಹೆಕ್ಕುವವರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೆಸರಿಗೆ ಕೈ ಹಾಕಿ ಎತ್ತಿದಾಗ ಚಿಪ್ಪಿನ ಜೊತೆ ಆಗಾಗ ಇನ್ನೊಂದು ಜೀವವೂ ಬೆರಳಿಗೆ ಸಿಗುತ್ತದೆ. ಕೆಂಪು ಬೆರೆತ ಕಂದು ಮೈ, ಜೋರಾಗಿ ಎಳೆದರೆ ತುಂಡಾಗುವಷ್ಟು ಮೆದು, ಎರಡೂ ಪಕ್ಕಕ್ಕೆ ಸಾಲು ಹಿಡಿದ ಪುಟಾಣಿ ಕಾಲುಗಳು. ಕೈ ಕೊಡವಿದರೆ ಮತ್ತೆ ಕೆಸರಿನೊಳಗೆ ಮಾಯ. ತುಸು ಆಚೆ ಉದ್ದ ಕೊಕ್ಕಿನ ವಲಸೆ ಹಕ್ಕಿಗಳು ಅದೇ ಹುಳುವಿಗಾಗಿ ಕೆಸರು ಕುಕ್ಕುತ್ತಿರುತ್ತವೆ. ಗಾಳ ಹಾಕುವವರಿಗೂ ಅದು ಬೇಕಾದ ಹುಳು. ಮೀನೂಟದ ತಟ್ಟೆಗೆ ಬರುವ ಕಾಣೆ, ನಂಗು ಮೀನುಗಳ ಆಹಾರದಲ್ಲೂ ಇಂಥ ಹುಳುಗಳದು ದೊಡ್ಡ ಪಾಲು.

ಇಷ್ಟು ಹತ್ತಿರದ ಜೀವಿಯ ಹೆಸರೇನು ಎಂದು ಕೇಳಿದರೆ ದಡದಲ್ಲಿ ‘ಹುಳು’ ಎಂಬಷ್ಟೇ ಉತ್ತರ ಸಿಗುತ್ತದೆ. ಪ್ರಯೋಗಾಲಯದಲ್ಲಿ ಕೇಳಿದರೆ ಲ್ಯಾಟಿನ್ ಹೆಸರೊಂದು ಸಿಗುತ್ತದೆ. ಆದರೆ ಎಷ್ಟೋ ಸಲ ಅದು ಇಂಗ್ಲೆಂಡಿನದೋ ಇಟಲಿಯದೋ ದಡದಲ್ಲಿ ಬದುಕುವ ಬೇರೊಂದು ಹುಳುವಿನ ಹೆಸರಾಗಿರುತ್ತದೆ. ನಮ್ಮ ಕಡಲಿನ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ಇದು ಸಣ್ಣ ತೂತಲ್ಲ.

ಉಂಗುರ ಉಂಗುರದ ಮೈ

ಎರೆಹುಳುವನ್ನು ಕಂಡವರಿಗೆಲ್ಲ ಅದರ ಮೈಮೇಲಿನ ಉಂಗುರಗಳು ಗೊತ್ತು. ಒಂದರ ಹಿಂದೊಂದು ಜೋಡಿಸಿದ ಖಂಡಗಳಿಂದಾದ ಇಂಥ ಮೈಯ ಪ್ರಾಣಿಗಳನ್ನು ಶಾಲೆಯ ಪುಸ್ತಕದಲ್ಲಿ ವಲಯವಂತಗಳು ಎಂದು ಓದಿರುತ್ತೇವೆ. ಅನೆಲಿಡಾ ಎಂಬ ಈ ದೊಡ್ಡ ವಂಶದ ಬಹುಪಾಲು ಸದಸ್ಯರು ನೆಲದಲ್ಲಿಲ್ಲ, ಕಡಲಲ್ಲಿದ್ದಾರೆ. ಅವೇ ಪಾಲಿಕೀಟ್ ಹುಳುಗಳು.

ಇವುಗಳ ಒಂದೊಂದು ಖಂಡದ ಎರಡೂ ಬದಿಗೆ ಮಾಂಸಲವಾದ ಮೋಟುಕಾಲುಗಳಿರುತ್ತವೆ. ಕಾಲಿನ ತುದಿಯಲ್ಲಿ ಗಟ್ಟಿ ಬಿರುಗೂದಲಿನ ಗೊಂಚಲು. ನಡೆಯಲು, ಈಜಲು, ಬಿಲದ ಗೋಡೆಗೆ ಆತುಕೊಳ್ಳಲು, ಕೆಲವಕ್ಕೆ ಉಸಿರಾಡಲು ಕೂಡ ಈ ಕಾಲುಗಳೇ ಆಧಾರ. ವಿಜ್ಞಾನಿಗಳು ಈವರೆಗೆ ಹೆಸರಿಟ್ಟ ಪ್ರಭೇದಗಳು 10,000ಕ್ಕೂ ಹೆಚ್ಚು. ಮರಳಿನ ಕಣಗಳ ನಡುವೆ ಬದುಕುವ, ಬರಿಗಣ್ಣಿಗೆ ಕಾಣದ ಹುಳುಗಳಿಂದ ಹಿಡಿದು 3 ಮೀಟರ್ ಉದ್ದಕ್ಕೆ ಬೆಳೆದು ಹವಳದ ಬಂಡೆಯ ಕೆಳಗೆ ಹೊಂಚು ಹಾಕಿ ಮೀನು ಹಿಡಿಯುವ ಯೂನಿಸ್ ಅಫ್ರೋಡಿಟಾಯ್ಸ್‌ವರೆಗೆ ಎಲ್ಲವೂ ಈ ಗುಂಪಿನಲ್ಲಿವೆ.

ಬದುಕುವ ಬಗೆಯೂ ಅಷ್ಟೇ ವಿಧ. ಡಯೋಪಾಟ್ರಾ ಎಂಬ ಹುಳು ಕೆಸರಿನಲ್ಲಿ ತನಗೊಂದು ಕೊಳವೆ ಕಟ್ಟಿಕೊಂಡು, ಮೇಲೆ ಚಾಚಿದ ಭಾಗಕ್ಕೆ ಚಿಪ್ಪಿನ ಚೂರು, ಎಲೆಯ ತುಣುಕು ಅಂಟಿಸುತ್ತದೆ. ಸರ್ಪುಲಿಡ್ ಹುಳುಗಳು ಸುಣ್ಣದ ಬಿಳಿ ಕೊಳವೆ ಕಟ್ಟಿ ಬಂಡೆಗೂ ದೋಣಿಯ ತಳಕ್ಕೂ ಅಂಟಿಕೊಳ್ಳುತ್ತವೆ. ಕೆಲವು ಕೆಸರನ್ನೇ ನುಂಗಿ, ಅದರಲ್ಲಿನ ಸಾರ ಹೀರಿ, ಉಳಿದದ್ದನ್ನು ಮೇಲೆ ಗುಡ್ಡೆ ಹಾಕುತ್ತವೆ. ಹೀಗೆ ಕೆಸರು ಬುಡಮೇಲಾದಾಗ ಕೆಳಗಿನ ಪದರಗಳಿಗೆ ಆಮ್ಲಜನಕ ಇಳಿಯುತ್ತದೆ, ಅಲ್ಲಿ ಹೂತುಹೋದ ಪೋಷಕಾಂಶ ನೀರಿಗೆ ಮರಳುತ್ತದೆ. ಅಳಿವೆಯ ಉತ್ಪತ್ತಿ ನಿಂತಿರುವುದು ಈ ಕಣ್ಣಿಗೆ ಕಾಣದ ಉಳುಮೆಯ ಮೇಲೆ.

ಒಂದು ತಲೆ, ಎರಡು ದವಡೆ, ಎಣಿಸಬೇಕಾದ ಹಲ್ಲು

ಇವುಗಳನ್ನು ಗುರುತಿಸುವ ಕೆಲಸ ದೋಣಿಯಲ್ಲಿ ಆರಂಭವಾಗುತ್ತದೆ. ಗ್ರ್ಯಾಬ್ ಎಂಬ ಕಬ್ಬಿಣದ ಬಾಯನ್ನು ಹಗ್ಗದಲ್ಲಿ ಇಳಿಬಿಟ್ಟು ತಳದ ಕೆಸರನ್ನು ಕಚ್ಚಿಸಿ ಮೇಲೆತ್ತುತ್ತಾರೆ. ಆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಕಡಲ ನೀರು ಹೊಯ್ದು ತೊಳೆಯುತ್ತಾರೆ. ಜರಡಿಯಲ್ಲಿ ಉಳಿದದ್ದನ್ನು ಫಾರ್ಮಲಿನ್ ಬೆರೆಸಿದ ಬಾಟಲಿಗೆ ಹಾಕಿ, ರೋಸ್ ಬೆಂಗಾಲ್ ಎಂಬ ಬಣ್ಣ ಸೇರಿಸುತ್ತಾರೆ. ಜೀವಕೋಶಗಳು ಆ ಬಣ್ಣವನ್ನು ಹೀರಿ ಗುಲಾಬಿಯಾಗುತ್ತವೆ. ಚಿಪ್ಪಿನ ಚೂರು, ಮರಳು, ಕಸಕಡ್ಡಿಗಳ ನಡುವೆ ಹುಳು ಎಲ್ಲಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಆಮೇಲಿನದು ಸೂಕ್ಷ್ಮದರ್ಶಕದ ಮುಂದೆ ಕೂತು ಮಾಡುವ ಕೆಲಸ. ನಮ್ಮ ಅಳಿವೆಗಳಲ್ಲಿ ಸಾಮಾನ್ಯವಾದ ನೆರೀಡ್ ಕುಟುಂಬದ ಹುಳುವೊಂದನ್ನು ಗಾಜಿನ ತಟ್ಟೆಯಲ್ಲಿ ಇಟ್ಟುಕೊಂಡಿದ್ದೇವೆ ಎನ್ನೋಣ. ತಲೆಯ ಮೇಲೆ ನಾಲ್ಕು ಕಪ್ಪು ಚುಕ್ಕೆ, ಅವು ಕಣ್ಣುಗಳು. ಮುಂಭಾಗದಲ್ಲಿ ಎರಡು ಕಿರುಮೀಸೆ, ಅವುಗಳ ಪಕ್ಕಕ್ಕೆ ಎರಡು ದಪ್ಪ ಸ್ಪರ್ಶಾಂಗ. ಕತ್ತಿನ ಎರಡೂ ಕಡೆ ಎಳೆಗಳು ಮೂರು ಜೊತೆಯೋ ನಾಲ್ಕು ಜೊತೆಯೋ ಎಂದು ಎಣಿಸಬೇಕು. ಈ ಹುಳುವಿನ ಗಂಟಲು ಒಳಹೊರಗಾಗಿ ಸೊಂಡಿಲಿನ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಸಾಯುವಾಗ ಅದು ಚಾಚಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಕುತ್ತಿಗೆಯನ್ನು ಜಾಗ್ರತೆಯಿಂದ ಸೀಳಿ ನೋಡಬೇಕು. ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಎರಡು ಕಂದು ದವಡೆಗಳಿವೆ. ಆ ದವಡೆಯ ಗಟ್ಟಿತನಕ್ಕೆ ಅದರಲ್ಲಿರುವ ಸತು ಒಂದು ಕಾರಣ.

ಗಂಟಲಿನ ಮೇಲ್ಮೈಯಲ್ಲಿ ಕಪ್ಪು ಬಣ್ಣದ ಅತಿ ಪುಟ್ಟ ಹಲ್ಲುಗಳು ಚದುರಿರುತ್ತವೆ. ತಜ್ಞರು ಆ ಮೇಲ್ಮೈಯನ್ನು 8 ಪ್ರದೇಶಗಳಾಗಿ ಗುರುತಿಸಿಕೊಂಡಿದ್ದಾರೆ. ಯಾವ ಪ್ರದೇಶದಲ್ಲಿ ಎಷ್ಟು ಹಲ್ಲು, ಅವು ಮೊನಚೋ ಅಡ್ಡ ಪಟ್ಟಿಯೋ, ಒಂದೇ ಸಾಲೋ ಗುಂಪೋ ಎಂಬುದರ ಮೇಲೆ ಕುಲವೂ ಪ್ರಭೇದವೂ ತೀರ್ಮಾನವಾಗುತ್ತವೆ. ಅಷ್ಟೂ ಆದಮೇಲೆ ಮೈಯ ಮುಂಭಾಗ, ನಡು, ಹಿಂಭಾಗಗಳಿಂದ ಒಂದೊಂದು ಕಾಲು ಕತ್ತರಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಬಿರುಗೂದಲಿನ ತುದಿ ಕುಡುಗೋಲಿನಂತಿದೆಯೋ ಸೂಜಿಯಂತಿದೆಯೋ ನೋಡಬೇಕು. ಒಂದು ಹುಳುವಿಗೆ ಗಂಟೆಗಟ್ಟಲೆ ಹಿಡಿಯಬಹುದು. ಒಂದು ಬಾಟಲಿಯಲ್ಲಿ ನೂರಾರು ಹುಳುಗಳಿರುತ್ತವೆ. ಈ ಕೆಲಸ ಕಲಿತವರ ಕಣ್ಣಿಗೂ ತಾಳ್ಮೆಗೂ ನಾವು ಕೊಡುತ್ತಿರುವ ಬೆಲೆ ತೀರ ಕಡಿಮೆ ಎಂಬುದು ನನ್ನ ದೂರು.

ಲಿನ್ನಿಯಸ್‌ನಿಂದ ಫೌಕಾಲ್ಡ್‌ವರೆಗೆ

ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಗೆ ಆಧಾರವಾದ ಲಿನ್ನಿಯಸ್‌ನ ಗ್ರಂಥದ 10ನೇ ಆವೃತ್ತಿ ಬಂದದ್ದು 1758ರಲ್ಲಿ. ಅದರಲ್ಲಿ ‘ಹುಳುಗಳು’ ಎಂಬ ವರ್ಗಕ್ಕೆ ಎರೆಹುಳು, ಬಸವನಹುಳು, ನಕ್ಷತ್ರಮೀನು ಎಲ್ಲವೂ ಸೇರಿದ್ದವು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಮಾರ್ಕ್ ಉಂಗುರದ ಹುಳುಗಳನ್ನು ಬೇರೆ ತೆಗೆದ. 1850ರಲ್ಲಿ ಜರ್ಮನಿಯ ಗ್ರೂಬೆ ಪಾಲಿಕೀಟಾ ಎಂಬ ಗುಂಪಿನ ಹೆಸರು ಕೊಟ್ಟ. ಕೆಲವು ವರ್ಷಗಳ ಬಳಿಕ ಕ್ವಾತ್ರ್‌ಫಾಜ್ ಎಂಬ ಫ್ರೆಂಚ್ ವಿಜ್ಞಾನಿ ಇವುಗಳನ್ನು ಅಲೆಯುವವು, ನೆಲೆನಿಂತವು ಎಂದು ಎರಡಾಗಿ ಹಂಚಿದ.

ಆಮೇಲೆ ಹೆಸರುಗಳು ಸಾವಿರಗಟ್ಟಲೆ ಬೆಳೆದವು, ಬೇರೆ ಬೇರೆ ಭಾಷೆಗಳ ಹಳೆಯ ಪತ್ರಿಕೆಗಳಲ್ಲಿ ಚದುರಿಹೋದವು. ಅಮೆರಿಕದ ಓಲ್ಗಾ ಹಾರ್ಟ್‌ಮನ್ ಎಂಬ ವಿದುಷಿ 1959ರಲ್ಲಿ ಜಗತ್ತಿನ ಅಷ್ಟೂ ಹೆಸರುಗಳ ಸೂಚಿಯನ್ನು ಹೊರತಂದರು. 1977ರಲ್ಲಿ ನಾರ್ವೆ ಮೂಲದ ಕ್ರಿಸ್ಟಿಯಾನ್ ಫೌಕಾಲ್ಡ್, ಕುಟುಂಬ ಮತ್ತು ಕುಲಗಳನ್ನು ಗುರುತಿಸಲು ಒಂದೇ ಸಂಪುಟದ ಕೈಪಿಡಿ ಬರೆದರು. ಈ ಕ್ಷೇತ್ರಕ್ಕೆ ಬರುವ ಯಾವ ವಿದ್ಯಾರ್ಥಿಯೂ ಆ ಪುಸ್ತಕದ ಋಣದಲ್ಲಿರುತ್ತಾನೆ. ಅವರು 2015ರಲ್ಲಿ ತೀರಿಕೊಂಡರು. ಅವರ ಜನ್ಮದಿನವಾದ ಜುಲೈ 1ನ್ನು ಅದೇ ವರ್ಷದಿಂದ ಅಂತರರಾಷ್ಟ್ರೀಯ ಪಾಲಿಕೀಟ್ ದಿನವಾಗಿ ಆಚರಿಸುತ್ತಾರೆ.

ಬಾಲ ಸಿಗದ ಐವತ್ತು ವರ್ಷ

ವರ್ಗೀಕರಣ ಎಷ್ಟು ಸಣ್ಣ ಸಂಗತಿಯ ಮೇಲೆ ತಿರುಗಬಲ್ಲದು ಎಂಬುದಕ್ಕೆ ಇಂಡೊನೇಷ್ಯಾದ ಕಡಲಲ್ಲಿ ಸಿಕ್ಕ ಒಂದು ಹುಳುವಿನ ಕತೆ ಕೇಳಬೇಕು. 1899–1900ರಲ್ಲಿ ಡಚ್ಚರ ಸಿಬೋಗಾ ಹಡಗು ಅಲ್ಲಿನ ಆಳದಿಂದ ನೂಲಿನಂಥ ಪ್ರಾಣಿಯೊಂದನ್ನು ಎತ್ತಿತು. ಅದಕ್ಕೆ ಬಾಯಿ ಇರಲಿಲ್ಲ, ಜಠರವೂ ಇರಲಿಲ್ಲ. 1914ರಲ್ಲಿ ಫ್ರಾನ್ಸಿನ ಕೋಲ್ರಿ ಅದಕ್ಕೆ ಸಿಬೋಗ್ಲಿನಮ್ ಎಂದು ಹೆಸರಿಟ್ಟರೂ ಯಾವ ವಂಶಕ್ಕೆ ಸೇರಿಸಬೇಕೆಂದು ತಿಳಿಯಲಿಲ್ಲ. ಮುಂದೆ ಇಂಥವು ಇನ್ನೂ ಸಿಕ್ಕವು. ಪೋಗನೊಫೋರಾ ಎಂಬ ಪ್ರತ್ಯೇಕ ವಂಶವೇ ಹುಟ್ಟಿಕೊಂಡಿತು. ಇವು ಬೆನ್ನೆಲುಬಿನ ಪ್ರಾಣಿಗಳ ಕಡೆಯ ನೆಂಟರಿರಬೇಕು ಎಂದು ವಾದಿಸಿದವರೂ ಇದ್ದರು.

1964ರಲ್ಲಿ ಇಡೀ ಹುಳು ಸಿಕ್ಕಿತು. ಅಲ್ಲಿಯವರೆಗೆ ಎಲ್ಲರ ಕೈಗೆ ಬಂದದ್ದು ಬಾಲ ಮುರಿದ ಹುಳುಗಳು ಎಂಬುದು ಆಗ ಗೊತ್ತಾಯಿತು. ಕೆಸರಿನೊಳಗೇ ಉಳಿದುಬಿಡುತ್ತಿದ್ದ ಆ ಹಿಂತುದಿಯಲ್ಲಿ ಉಂಗುರಗಳಿದ್ದವು, ಉಂಗುರಗಳ ಮೇಲೆ ಬಿರುಗೂದಲುಗಳಿದ್ದವು.

1977ರಲ್ಲಿ ಗಲಪಾಗೋಸ್ ಬಳಿ, ಸುಮಾರು ಎರಡೂವರೆ ಕಿಲೋಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಸುತ್ತ ಇವುಗಳ ದೈತ್ಯ ಸಂಬಂಧಿಗಳು ಕಂಡವು: ಬಿಳಿ ಕೊಳವೆಯಿಂದ ರಕ್ತಗೆಂಪು ಕಿವಿರು ಚಾಚಿದ ರಿಫ್ಟಿಯಾ. ಇದಕ್ಕೂ ಬಾಯಿಲ್ಲ. ಮೈಯೊಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳು ಬುಗ್ಗೆಯ ಗಂಧಕದಿಂದ ಶಕ್ತಿ ಪಡೆದು ತಯಾರಿಸುವ ಆಹಾರವೇ ಇದರ ಊಟ. 1985ರಲ್ಲಿ ಇದಕ್ಕೂ ಬೇರೆಯದೇ ವಂಶವೊಂದನ್ನು ಸೂಚಿಸಲಾಯಿತು. 1990ರ ದಶಕದಲ್ಲಿ ಡಿಎನ್‌ಎ ಓದಿ ನೋಡಿದಾಗ ಆ ವಂಶಗಳೆಲ್ಲ ಕರಗಿದವು. ಆಳದ ಆ ದೈತ್ಯವೂ ಸಿಬೋಗಾದ ನೂಲುಹುಳುವೂ ಪಾಲಿಕೀಟ್‌ಗಳ ನಡುವಿನ ಸಿಬೋಗ್ಲಿನಿಡೇ ಎಂಬ ಒಂದು ಕುಟುಂಬ ಮಾತ್ರ.

ಡಿಎನ್‌ಎ ಇನ್ನೊಂದು ದೊಡ್ಡ ತಿದ್ದುಪಡಿಯನ್ನೂ ತಂದಿತು. ಎರೆಹುಳು ಮತ್ತು ಜಿಗಣೆಗಳನ್ನು ನಾವು ಪಾಲಿಕೀಟ್‌ಗಳ ಪಕ್ಕದ ಬೇರೆ ವರ್ಗಗಳೆಂದು ಓದಿದ್ದೆವು. ಅವು ಪಕ್ಕದಲ್ಲಿಲ್ಲ, ಒಳಗೇ ಇವೆ. ನೂರಾರು ಜೀನ್‌ಗಳನ್ನು ಹೋಲಿಸಿ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಅಲೆಯುವ ಮತ್ತು ನೆಲೆನಿಂತ ಎಂಬ ಹಳೆಯ ಎರಡು ಶಾಖೆಗಳನ್ನು ಸ್ವಲ್ಪ ಬದಲಾದ ರೂಪದಲ್ಲಿ ಮತ್ತೆ ಎತ್ತಿಹಿಡಿಯಿತು. ಎರೆಹುಳು ಎರಡನೆಯ ಶಾಖೆಯೊಳಗೆ ಸೇರಿತು. ಹೊಲದ ಎರೆಹುಳುವೂ ಮಲೆನಾಡಿನ ಉಂಬಳವೂ ಕಡಲ ಹುಳುಗಳ ಮನೆತನದಿಂದ ಹೊರಟು ನೆಲಕ್ಕೆ ಬಂದ ಕವಲುಗಳು. ಪಾಲಿಕೀಟಾ ಎಂಬುದು ವರ್ಗವಾಗಿ ಈಗ ನಿಲ್ಲುವುದಿಲ್ಲ. ಅನುಕೂಲಕ್ಕಾಗಿ ಬಳಕೆಯಲ್ಲಿ ಉಳಿದಿದೆ.

ಫ್ರಾನ್ಸಿನ ಪುಸ್ತಕ, ಭಾರತದ ಹುಳು

ಇನ್ನು ನಮ್ಮ ದಡಕ್ಕೆ ಬರೋಣ. ಭಾರತದ ಪಾಲಿಕೀಟ್‌ಗಳ ವ್ಯವಸ್ಥಿತ ಅಧ್ಯಯನಕ್ಕೆ ಒಡಿಶಾದ ಚಿಲಿಕಾ ಸರೋವರ ದೊಡ್ಡ ನೆಲೆಯಾಯಿತು. ಅಲ್ಲಿಂದ ಸಂಗ್ರಹಿಸಿದ ಹುಳುಗಳನ್ನು ಪರೀಕ್ಷಿಸಿ ರೌಲೆಂಡ್ ಸದರ್ನ್ 1921ರಲ್ಲಿ ಹಲವು ಹೊಸ ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲೊಂದು ಮಾರ್ಫಿಸಾ ಗ್ರೇವ್ಲಿಯೈ. ಈ ನೀರಿನದೇ ಹುಳು, ಈ ನೀರಿನ ಮಾದರಿಯಿಂದಲೇ ಪಡೆದ ಹೆಸರು.

ಮುಂದಿನ ದೊಡ್ಡ ಹೆಸರು ಪಿಯೇರ್ ಫೋವೆಲ್. ಫ್ರಾನ್ಸಿನ ಆಂಜೆ ನಗರದ ಪ್ರಾಧ್ಯಾಪಕರಾಗಿದ್ದ ಇವರು 1923 ಮತ್ತು 1927ರಲ್ಲಿ ಫ್ರಾನ್ಸಿನ ಪಾಲಿಕೀಟ್‌ಗಳ ಬಗ್ಗೆ ಎರಡು ಸಂಪುಟ ಬರೆದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಂಗ್ರಹವನ್ನು ಪರೀಕ್ಷಿಸಿ 1932ರಲ್ಲಿ ಇನ್ನೊಂದು ಗ್ರಂಥ ಕೊಟ್ಟರು. 1953ರಲ್ಲಿ ಭಾರತ, ಪಾಕಿಸ್ತಾನ, ಸಿಲೋನ್, ಬರ್ಮಾ, ಮಲಯಗಳ ಪಾಲಿಕೀಟ್‌ಗಳ ಸಂಪುಟ ಹೊರಬಂತು. ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಹುಳು ಗುರುತಿಸಲು ಕೂತವರ ಮುಂದೆ ಇರುವುದು ಈ ಪುಸ್ತಕ, ಅದರ ಪಕ್ಕದಲ್ಲಿ ಜಾನ್ ಡೇ ದಕ್ಷಿಣ ಆಫ್ರಿಕಾದ ಹುಳುಗಳ ಬಗ್ಗೆ 1967ರಲ್ಲಿ ಬರೆದ ಗ್ರಂಥ.

ಫೋವೆಲ್ ಅವರ ಶ್ರಮಕ್ಕೆ ತಲೆಬಾಗಲೇಬೇಕು. ಆದರೆ ಆ ಕಾಲದಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು: ಕಡಲಿಗೆ ಗಡಿ ಇಲ್ಲ, ಹುಳುವಿನ ಮರಿಗಳು ಪ್ರವಾಹದಲ್ಲಿ ತೇಲಿ ಎಲ್ಲಿಗೂ ಹೋಗುತ್ತವೆ, ಹಾಗಾಗಿ ಒಂದೇ ಪ್ರಭೇದ ಜಗತ್ತಿನ ಎಲ್ಲ ಕಡಲಲ್ಲೂ ಇರಬಹುದು. ಭಾರತದ ಹುಳು ಯುರೋಪಿನ ಹುಳುವನ್ನು ಹೋಲುವಂತಿದ್ದರೆ ಅದೇ ಹೆಸರು ಕೊಡುವುದು ವಾಡಿಕೆಯಾಯಿತು.

ಮಾರ್ಫಿಸಾ ಸಾಂಗ್ವಿನಿಯಾ ಎಂಬ ಹೆಸರಿನ ಗತಿ ನೋಡಿ. ಇಂಗ್ಲೆಂಡಿನ ಡೆವನ್ ದಡದ ಹುಳುವಿಗೆ ಮಾಂಟಾಗು ಎಂಬ ನಿಸರ್ಗತಜ್ಞ 1813ರಲ್ಲಿ ಇಟ್ಟ ಹೆಸರದು. ಮುಂದೆ ಭಾರತ, ಚೀನಾ, ಆಸ್ಟ್ರೇಲಿಯಾ, ಆಫ್ರಿಕಾ ಎಲ್ಲ ಕಡೆಯಿಂದಲೂ ಅದೇ ಹೆಸರು ವರದಿಯಾಯಿತು. ಮಾಂಟಾಗು ನೋಡಿದ ಮೂಲ ಮಾದರಿ ಉಳಿದಿರಲಿಲ್ಲವಾದ್ದರಿಂದ ಹೋಲಿಸಿ ನೋಡಲು ದಾರಿಯೂ ಇರಲಿಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಪ್ಯಾಟ್ ಹಚಿಂಗ್ಸ್ ಮತ್ತು ಸಹಲೇಖಕರು ಇಂಗ್ಲೆಂಡಿನ ಹುಳುವೊಂದನ್ನು ಹೊಸ ಆಧಾರ ಮಾದರಿಯಾಗಿ ನಿಗದಿ ಮಾಡಿ, ಅದರ ಪಕ್ಕ ಪೂರ್ವ ಆಸ್ಟ್ರೇಲಿಯಾದ ಹುಳುವನ್ನಿಟ್ಟು ನೋಡಿದರು. ಎರಡೂ ಬೇರೆ. ಆಸ್ಟ್ರೇಲಿಯಾದ್ದಕ್ಕೆ ಮಾರ್ಫಿಸಾ ಮುಲ್ಲಾವಾ ಎಂಬ ಹೊಸ ಹೆಸರು ಬಂತು. ಆಮೇಲೆ ದಕ್ಷಿಣ ಆಫ್ರಿಕಾ, ಚೀನಾಗಳಿಂದಲೂ ಹೊಸ ಮಾರ್ಫಿಸಾಗಳು ಹೆಸರು ಪಡೆದವು. ಭಾರತದ ಪಟ್ಟಿಗಳಲ್ಲಿರುವ ಇಂಥ ಯುರೋಪಿನ ಹೆಸರುಗಳನ್ನೆಲ್ಲ ಹೀಗೆ ಒಂದೊಂದಾಗಿ ಪರೀಕ್ಷಿಸಬೇಕಾಗಿದೆ. ಕೆಲಸ ಶುರುವಾಗಿದೆ, ಉಳಿದಿರುವುದೇ ಹೆಚ್ಚು.

ತಪ್ಪು ಹೆಸರಿನಿಂದ ಕೆಡುವುದೇನು

ಹೆಸರು ತಪ್ಪಾದರೆ ಹುಳುವಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ನಮಗೆ.

1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ತೈಲ ಸಾಗಿಸುವ ಬಾರ್ಜ್ ಬಂಡೆಗೆ ತಾಗಿ ಎಣ್ಣೆ ಸೋರಿತು. ತಳದ ಜೀವಿಗಳು ಸತ್ತಲ್ಲಿ ಒಂದೇ ಹುಳು ವಿಪರೀತವಾಗಿ ಹೆಚ್ಚಿತು: ಕ್ಯಾಪಿಟೆಲ್ಲಾ ಕ್ಯಾಪಿಟೇಟಾ. ಜಗತ್ತಿನೆಲ್ಲೆಡೆ ಮಲಿನ ಕೆಸರಿನ ಗುರುತು ಎಂದು ಹೇಳುತ್ತಿದ್ದ ಹುಳು ಇದೇ. 1976ರಲ್ಲಿ ವಿಜ್ಞಾನಿಗಳಾದ ಗ್ರಾಸಲ್ ದಂಪತಿ ಈ ಹುಳುಗಳನ್ನು ಸಾಕಿ, ಕಿಣ್ವಗಳನ್ನು ಹೋಲಿಸಿ ನೋಡಿದರೆ ಅದು ಒಂದು ಪ್ರಭೇದವಾಗಿರಲಿಲ್ಲ. ಕನಿಷ್ಠ ಆರು ಇದ್ದವು. ನೋಡಲು ಒಂದೇ ಥರ, ಆದರೆ ಮೊಟ್ಟೆಯ ಗಾತ್ರ ಬೇರೆ, ಮರಿ ಬೆಳೆಯುವ ರೀತಿ ಬೇರೆ. ಅವುಗಳಲ್ಲಿ ಮೊದಲನೆಯದಕ್ಕೆ ಕ್ಯಾಪಿಟೆಲ್ಲಾ ಟೆಲೆಟಾ ಎಂಬ ಹೆಸರು ಬಂದದ್ದು 2009ರಲ್ಲಿ. ಕ್ಯಾಪಿಟೇಟಾ ಎಂಬ ಹೆಸರು 1780ರಲ್ಲಿ ಗ್ರೀನ್‌ಲೆಂಡಿನ ಹುಳುವಿಗೆ ಇಟ್ಟದ್ದು. ಮಾಲಿನ್ಯ ಅಳೆಯಲು ಹುಳುವನ್ನೇ ಮಾಪಕವಾಗಿ ಇಟ್ಟುಕೊಂಡ ಮೇಲೆ ಆ ಹುಳು ಯಾವುದು ಎಂದೇ ಗೊತ್ತಿಲ್ಲದಿದ್ದರೆ ಅಳತೆಗೆ ಅರ್ಥವೇನು?

ನಮ್ಮ ಪಶ್ಚಿಮ ಕರಾವಳಿಗೂ ಈ ಪ್ರಶ್ನೆ ನೇರವಾಗಿ ತಟ್ಟುತ್ತದೆ. ಮುಂಗಾರಿನ ಹೊತ್ತಿಗೆ ಆಳದ ತಣ್ಣೀರು ದಡದ ಕಡೆಗೆ ಮೇಲೇರುತ್ತದೆ. ಮುಂಗಾರಿನ ಕೊನೆಯಿಂದ ಕೆಲವು ತಿಂಗಳು ತಳದ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಈ ಕೊರತೆ ತೀವ್ರವಾಗುತ್ತಿದೆ ಎಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಇಂಥ ಉಸಿರುಗಟ್ಟುವ ತಳದಲ್ಲಿ ತಾಳಿಕೊಳ್ಳುವವು ಸ್ಪಯೋನಿಡ್ ಕುಟುಂಬದ ಕೆಲವು ಹುಳುಗಳು. ಯಾವ ಪ್ರಭೇದ ಹೆಚ್ಚಿತು, ಯಾವುದು ಹೋಯಿತು ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಹತ್ತು ವರ್ಷದ ಹಿಂದೆ ಹೆಸರಿಟ್ಟದ್ದೂ ಇಂದು ಹೆಸರಿಟ್ಟದ್ದೂ ಒಂದೇ ಹುಳು ಎಂಬ ಖಾತರಿ ಇರಬೇಕು.

ಹಡಗುಗಳ ಜೊತೆ ಬರುವ ಪರಕೀಯ ಹುಳುಗಳ ವಿಷಯವೂ ಹೀಗೆಯೇ. ಸ್ಥಳೀಯ ಹುಳುವಿಗೆ ಪರದೇಶದ ಹೆಸರು ಅಂಟಿಸಿಕೊಂಡು ಕೂತರೆ, ಆ ಪರದೇಶದ ಹುಳು ನಿಜವಾಗಿ ಬಂದಿಳಿದ ದಿನ ಅದು ಹೊಸದೆಂದು ಯಾರಿಗೂ ಗೊತ್ತಾಗುವುದಿಲ್ಲ. ಸೀಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸೀಗಡಿಗೆ ಪಾಲಿಕೀಟ್ ಹುಳು ತಿನ್ನಿಸುತ್ತಾರೆ. ಅದರ ಕೊಬ್ಬಿನ ಆಮ್ಲಗಳಿಂದ ಮೊಟ್ಟೆ ಚೆನ್ನಾಗಿ ಬಲಿಯುತ್ತದೆ. ಆ ಹುಳುಗಳಿಗಾಗಿ ಕೆಸರುಬಯಲು ಅಗೆಯುವಾಗ ಯಾವ ಪ್ರಭೇದ ಎಷ್ಟು ಕಾಲಕ್ಕೆ ಮತ್ತೆ ತುಂಬಿಕೊಳ್ಳುತ್ತದೆ ಎಂದು ತಿಳಿಯದೆ ಮಿತಿ ಹಾಕುವುದು ಹೇಗೆ?

ಕರಾವಳಿಯಲ್ಲೇ ಆಗಬೇಕಾದ ಕೆಲಸ

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಕಾಳಿಯಿಂದ ನೇತ್ರಾವತಿಯವರೆಗೆ ಅಳಿವೆಗಳ ಸಾಲೇ ಇದೆ. ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಸುದ್ದಿ 2024ರ ಆರಂಭದಲ್ಲಿ ಬಂತು. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಹೆಸರಿಡುವ ಕೆಲಸಕ್ಕೆ ಬೇಕಾದ ಮನೆ ಹೊಸದಾಗಿ ಕಟ್ಟಬೇಕಿಲ್ಲ.

ಬೇಕಾದದ್ದು ಮೂರು ಕಡೆ ಗಮನ. ಬಂದರು, ಹೂಳೆತ್ತುವಿಕೆ, ಕಾರ್ಖಾನೆಗಳಿಗಾಗಿ ಮಾಡುವ ಪರಿಸರ ವರದಿಗಳಲ್ಲಿ ‘ಪಾಲಿಕೀಟ್ ಹುಳುಗಳು ಇಷ್ಟು’ ಎಂದು ಗುಡ್ಡೆ ಹಾಕಿ ಎಣಿಸಿ ಕೈತೊಳೆದುಕೊಳ್ಳುವುದು ನಿಲ್ಲಬೇಕು. ಪ್ರಭೇದದ ಮಟ್ಟಕ್ಕೆ ಗುರುತಿಸಬೇಕು. ಎಣಿಸಿದ ಹುಳುಗಳನ್ನು ಅಧ್ಯಯನ ಮುಗಿದೊಡನೆ ಚೆಲ್ಲದೆ, ಎಲ್ಲಿ ಯಾವಾಗ ಸಿಕ್ಕಿತೆಂದು ಚೀಟಿ ಬರೆದು ಸಂಗ್ರಹಾಲಯದಲ್ಲಿ ಇಡಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಪ್ರತಿ ಸಲವೂ ಕೆಲವು ಹುಳುಗಳನ್ನು ನೇರವಾಗಿ ಆಲ್ಕೋಹಾಲಿಗೆ ಹಾಕಿಡಬೇಕು. ಇದಕ್ಕೆ ಹೆಚ್ಚು ಹಣ ಬೇಡ, ಶಿಸ್ತು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಲ್ಲು ಎಣಿಸುತ್ತ ಗಂಟೆಗಟ್ಟಲೆ ಕೂರುವ ವಿದ್ಯಾರ್ಥಿಗೆ ಆ ವಿದ್ಯೆಯಿಂದ ನೌಕರಿ ಸಿಗಬೇಕು. ವರ್ಗೀಕರಣ ತಜ್ಞರ ಹುದ್ದೆಗಳು ಖಾಲಿಯಾದಾಗ ಮತ್ತೆ ವರ್ಗೀಕರಣ ತಜ್ಞರನ್ನೇ ತುಂಬಬೇಕು.

ಕಡಲ ಜೀವಶಾಸ್ತ್ರ ಓದಬೇಕೆಂದಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಈ ವಿಷಯ ಹೇಳಿ. ತಿಮಿಂಗಿಲ, ಹವಳಗಳ ಹಿಂದೆ ಹೋಗುವವರು ಬೇಕಾದಷ್ಟಿದ್ದಾರೆ. ಮಂಗಳೂರಿನಿಂದ ಕಾರವಾರದವರೆಗಿನ ಕೆಸರಿನಲ್ಲಿ ಇನ್ನೂ ಸ್ವಂತ ಹೆಸರಿಲ್ಲದ ಪ್ರಾಣಿಗಳಿವೆ. ಅವುಗಳನ್ನು ಗುರುತಿಸಿ ಹೆಸರಿಡಬಲ್ಲವರು ಇಲ್ಲಿಂದಲೇ ಬರಬೇಕು.